ಶಾಫಾನ್: ಹೀಬ್ರೂ ಬೈಬಲಿನ ಬಂಡೆವಾಸಿ

ಹೀಬ್ರೂ ಬೈಬಲಿನಲ್ಲಿ ‘ಶಾಫಾನ್’ ಎಂಬ ಪದ ಪ್ರಾಣಿಯ ಹೆಸರಾಗಿ ಬರುವುದು ನಾಲ್ಕೇ ಕಡೆ: ಯಾಜಕಕಾಂಡ 11:5, ಧರ್ಮೋಪದೇಶಕಾಂಡ 14:7, ಕೀರ್ತನೆ 104:18 ಮತ್ತು ಜ್ಞಾನೋಕ್ತಿ 30:26. ಬೈಬಲನ್ನು ಜರ್ಮನ್ ಭಾಷೆಗೆ ತಂದ ಮಾರ್ಟಿನ್ ಲೂಥರನೂ 1611ರ ಇಂಗ್ಲಿಷ್ ಬೈಬಲಿನ ಅನುವಾದಕರೂ ಇದನ್ನು ಬಿಲ ತೋಡುವ ಯುರೋಪಿನ ಮೊಲವೆಂದು ತಿಳಿದರು. ಆದರೆ ಆ ಮೊಲ ಪ್ಯಾಲೆಸ್ತೀನಿನ ನೆಲದ್ದಲ್ಲ. ಅಲ್ಲಿನ ಕಾಡುಮೊಲಕ್ಕಾದರೋ ಯಾಜಕಕಾಂಡದ ಮರುವಚನದಲ್ಲೇ ‘ಅರ್ನೆವೆತ್’ ಎಂಬ ಬೇರೆ ಹೆಸರಿದೆ. ಶಾಫಾನ್ ಎಂದರೆ ಹೈರಾಕ್ಸ್ ಎಂಬುದು ಈಗ ಬಹುತೇಕ ವಿದ್ವಾಂಸರು ಒಪ್ಪಿರುವ ಅರ್ಥ. ಮೋಟು ಕಿವಿಯ, ಬಾಲವಿಲ್ಲದಂತೆ ಕಾಣುವ ಈ ಪುಟ್ಟ ಸಸ್ತನಿ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾಗಳಲ್ಲಿ ವಾಸಿಸುತ್ತದೆ, ಭಾರತದಲ್ಲಿಲ್ಲ; ವಂಶದ ಲೆಕ್ಕದಲ್ಲಿ ಇದಕ್ಕೆ ಆನೆಯೇ ಮೊಲಕ್ಕಿಂತ ಹತ್ತಿರದ ನೆಂಟ.

ಮೊದಲೆರಡು ವಚನಗಳು ಆಹಾರನಿಯಮದವು. ಶಾಫಾನ್ ಮೆಲುಕು ಹಾಕುತ್ತದೆ, ಗೊರಸು ಸೀಳಿಲ್ಲ, ಆದ್ದರಿಂದ ಅಶುದ್ಧ. ಪ್ರಾಣಿಶಾಸ್ತ್ರದ ಪ್ರಕಾರ ಇದು ಹಸುವಿನಂತೆ ಮೆಲುಕು ಹಾಕುವ ಜೀವಿಯಲ್ಲ. ದವಡೆಯನ್ನು ಅಡ್ಡಡ್ಡ ಆಡಿಸುವ ಅದರ ರೀತಿಯನ್ನು ಕಂಡು ಹಾಗೆ ವರ್ಗೀಕರಿಸಿರಬೇಕು.

ಪದದ ನಿಜವಾದ ಸೊಗಸು ಕಾವ್ಯಭಾಗಗಳಲ್ಲಿದೆ. ಎರಡರಲ್ಲೂ ಶಾಫಾನ್ ಜೊತೆಗೆ ‘ಸೆಲ’, ಅಂದರೆ ಬಂಡೆ, ಬರುತ್ತದೆ. ಎತ್ತರದ ಬೆಟ್ಟಗಳು ಕಾಡುಮೇಕೆಗಳಿಗೆ, ಬಂಡೆಗಳು ಶಾಫಾನ್‌ಗಳಿಗೆ ಆಶ್ರಯ ಎನ್ನುವ ಕೀರ್ತನೆಕಾರ ಅಲ್ಲಿ ಬಳಸುವ ‘ಮಹ್ಸೆ’ ಎಂಬ ಪದವೇ 46ನೆಯ ಕೀರ್ತನೆಯಲ್ಲಿ ದೇವರನ್ನು ಆಶ್ರಯವೆಂದು ಕರೆಯುವಾಗಲೂ ಬರುತ್ತದೆ. ಜ್ಞಾನೋಕ್ತಿಯಂತೂ ಇರುವೆ, ಮಿಡತೆಗಳ ಸಾಲಿನಲ್ಲಿ ಇದನ್ನು ಭೂಮಿಯ ಮೇಲಿನ ಅತಿ ಜಾಣ ಕಿರುಜೀವಿಗಳಲ್ಲಿ ಒಂದೆಂದು ಎಣಿಸುತ್ತದೆ: ಶಾಫಾನ್‌ಗಳು ಬಲವಿಲ್ಲದ ‘ಅಮ್’, ಆದರೂ ಬಂಡೆಯಲ್ಲಿ ಮನೆ ಮಾಡಿಕೊಳ್ಳುತ್ತವೆ. ‘ಅಮ್’ ಎಂದರೆ ಜನ, ಜನಾಂಗ. ಹಿಂಡುಗಟ್ಟಿ ಬಾಳುವ, ಅಪಾಯ ಕಂಡೊಡನೆ ಕೂಗಿ ಎಚ್ಚರಿಸಿ ಬಂಡೆಯ ಬಿರುಕಿಗೆ ನುಗ್ಗುವ ಪ್ರಾಣಿಗೆ ಈ ಪದ ಒಪ್ಪುತ್ತದೆ. ಇದನ್ನು ಬರೆದವನು ಪ್ರಾಣಿಯನ್ನು ಕಣ್ಣಾರೆ ಕಂಡವನೇ ಸರಿ.

ಶಾಫಾನ್ ವ್ಯಕ್ತಿನಾಮವೂ ಹೌದು. ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರದ ಸುರುಳಿಯನ್ನು ಅರಸ ಯೋಷೀಯನಿಗೆ ಓದಿ ಹೇಳಿದ ಲೇಖಕನ ಹೆಸರು ಇದೇ. ‘ಶಾಫಾನನ ಮಗ ಗೆಮರ್ಯಾಹು’ ಎಂಬ ಬರಹವುಳ್ಳ ಮಣ್ಣಿನ ಮುದ್ರೆಯೊಂದು 1982ರಲ್ಲಿ ಜೆರುಸಲೇಮಿನ ಉತ್ಖನನದಲ್ಲಿ ದೊರೆತಿದ್ದು, ಯೆರೆಮೀಯನ ಗ್ರಂಥದಲ್ಲಿ ಬರುವ ಗೆಮರ್ಯನೇ ಅವನೆಂದು ಹಲವರು ಗುರುತಿಸುತ್ತಾರೆ.

ಇಂದಿನ ಹೀಬ್ರೂವಿನಲ್ಲಿ ಹೈರಾಕ್ಸ್ ‘ಶಫನ್ ಸೆಲ’ ಎನಿಸಿಕೊಳ್ಳುತ್ತದೆ. ಬರಿಯ ‘ಶಫನ್’ ಎಂದರೆ ಆಡುಮಾತಿನಲ್ಲಿ ಮೊಲ, ಬೈಗುಳವಾಗಿ ಪುಕ್ಕಲ.