ಸರೋವರದ ದಡದಲ್ಲಿ ತಲೆ ಎಣಿಸಿದರೆ ಸಾಕೇ?

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನವಿದೆ. 2019ರಲ್ಲಿ ಅಲ್ಲಿಗೆ 46 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಉದ್ಯಾನವೇನೋ ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಆದರೆ ಬಂದವರಲ್ಲಿ ಬಹಳ ಮಂದಿಯ ಕಣ್ಣು ಬೇರ್ ಲೇಕ್ ಎಂಬ ಪುಟ್ಟ ಸರೋವರದ ಮೇಲೆ. ಕಾಡಿನಲ್ಲಾದರೆ ಜನ ಅಲ್ಲಲ್ಲಿ ಚದುರುತ್ತಾರೆ. ನೀರು ಕಂಡರೆ ಮಾತ್ರ ಎಲ್ಲರಿಗೂ ಅದೇ ಅಂಚು ಬೇಕು.

ಎಷ್ಟು ಜನ ಬಂದರೆ ಜಾಸ್ತಿ? ಸುಲಭದ ಪ್ರಶ್ನೆಯಂತೆ ಕಾಣುತ್ತದೆ, ಅಲ್ವಾ? ನೂರು ವರ್ಷವಾದರೂ ಇದಕ್ಕೊಂದು ನೇರ ಉತ್ತರ ಸಿಕ್ಕಿಲ್ಲ.

1916ರ ಕಾನೂನು ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಎರಡು ಕೆಲಸ ಒಪ್ಪಿಸಿತು. ಪ್ರಕೃತಿಯನ್ನು ಕೆಡದಂತೆ ಕಾಪಾಡಬೇಕು, ಜನ ಅದನ್ನು ನೋಡಿ ಸಂತೋಷಪಡಲೂ ಬಿಡಬೇಕು. ಇವೆರಡೂ ಒಟ್ಟಿಗೆ ಹೋಗುವುದು ಕಷ್ಟ ಎಂದು ಬೇಗನೆ ಗೊತ್ತಾಯಿತು. 1928ರಲ್ಲಿ ಮೈನೆಕೆ ಎಂಬ ಸಸ್ಯರೋಗ ತಜ್ಞ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಬುಡ ನೋಡಿ ಒಂದು ವರದಿ ಬರೆದರು. ಪ್ರವಾಸಿಗರು ತುಳಿದು ತುಳಿದು ಮಣ್ಣು ಗಟ್ಟಿಯಾಗಿ, ಬೇರುಗಳಿಗೆ ಕಷ್ಟವಾಗುತ್ತಿದೆ ಎಂಬುದು ಅದರ ಸಾರ. ಮರ ಕಡಿಯಲು ಬಂದವರಲ್ಲ, ಮೆಚ್ಚಲು ಬಂದವರೇ ಹಾನಿ ಮಾಡುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರುಗಳು ಹೆಚ್ಚಿದವು, ರಜೆಗಳು ಹೆಚ್ಚಿದವು. ಆಗ ಸಂಶೋಧಕರು ಹುಲ್ಲುಗಾವಲಿನ ಲೆಕ್ಕವನ್ನು ಎರವಲು ತಂದರು. ಇಷ್ಟು ಹುಲ್ಲಿಗೆ ಇಷ್ಟು ದನ ಅನ್ನುವ ಹಾಗೆ, ಇಷ್ಟು ಕಾಡಿಗೆ ಇಷ್ಟು ಜನ. ಈ ಲೆಕ್ಕ ಹಿಡಿದು ಹೊರಟವರಲ್ಲಿ ಅಲನ್ ವಾಗರ್ ಒಬ್ಬರು. 1964ರ ಅವರ ಪ್ರಬಂಧ ಮುಗಿಯುವ ಹೊತ್ತಿಗೆ ಅವರಿಗೇ ಅನುಮಾನ ಬಂದಿತ್ತು. ದನಕ್ಕೆ ಹುಲ್ಲು ಸಿಕ್ಕರೆ ಆಯಿತು. ಮನುಷ್ಯನಿಗೆ ಏನು ಬೇಕು ಎಂಬುದನ್ನು ಮಣ್ಣು ಪರೀಕ್ಷಿಸಿ ಹೇಳಲಾಗದು.

ಅದೇ ವರ್ಷಗಳಲ್ಲಿ ಮಿನ್ನೆಸೋಟ-ಕೆನಡಾ ಗಡಿಯ ಸರೋವರಗಳಲ್ಲಿ ಎರಡು ಅಧ್ಯಯನಗಳು ನಡೆದವು. ನನ್ನ ಮಟ್ಟಿಗೆ ಈ ಕಥೆಯ ತಿರುವು ಅಲ್ಲಿದೆ. ರಾಬರ್ಟ್ ಲ್ಯೂಕಸ್ ದೋಣಿಯವರನ್ನು ಮಾತಾಡಿಸಿದರು. ಹುಟ್ಟು ಹಾಕುವವರಿಗೆ ಮೋಟಾರು ದೋಣಿ ಕಂಡರೆ ಕಿರಿಕಿರಿ. ಮೋಟಾರಿನವರಿಗೆ ಹುಟ್ಟು ಹಾಕುವವರಿಂದ ಅಂಥ ತೊಂದರೆಯೇನೂ ಇಲ್ಲ. ಅಂದರೆ ಒಂದೇ ನೀರು ಒಬ್ಬರಿಗೆ ತುಂಬಿ ತುಳುಕುತ್ತಿದೆ, ಇನ್ನೊಬ್ಬರಿಗೆ ಖಾಲಿ ಇದೆ. ಇನ್ನೊಂದು ತಂಡ ದಡದ ಬಿಡಾರದ ಜಾಗಗಳನ್ನು ಅಳೆಯಿತು. ಅಪರೂಪಕ್ಕೆ ಜನ ತಂಗುವ ಕಡೆಯೂ ನೆಲದ ಹಸಿರು ಬಹುಪಾಲು ಹೋಗಿತ್ತು. ಮೊದಲು ಬಂದ ಕೆಲವೇ ಜನ ಹೆಚ್ಚಿನ ಹಾನಿ ಮಾಡಿ ಮುಗಿಸಿರುತ್ತಾರೆ, ನಂತರ ಬಂದವರು ಸೇರಿಸುವುದು ಸ್ವಲ್ಪ. ಹಾಗಾಗಿ ಜನರನ್ನು ಅರ್ಧಕ್ಕೆ ಇಳಿಸಿದರೆ ಹಾನಿ ಅರ್ಧವಾಗುವುದಿಲ್ಲ. ಅವರನ್ನು ಹತ್ತು ಕಡೆ ಹಂಚಿದರೆ ಹತ್ತೂ ಕಡೆ ಕೆಡುತ್ತದೆ, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ 1978ರಲ್ಲಿ ಅಮೆರಿಕದ ಸಂಸತ್ತು ಪ್ರತಿ ಉದ್ಯಾನವೂ ತನ್ನ ಧಾರಣ ಸಾಮರ್ಥ್ಯ, ಅಂದರೆ ತಾನು ಎಷ್ಟು ಜನರನ್ನು ತಾಳಬಲ್ಲೆ ಎಂಬುದನ್ನು, ಹೇಳಬೇಕು ಎಂದು ಕಾನೂನು ಮಾಡಿತು. 1985ರಲ್ಲಿ ಅರಣ್ಯ ಇಲಾಖೆಯ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದರು: ಎಷ್ಟು ಜನ ಅನ್ನುವುದನ್ನು ಬಿಡಿ, ಎಷ್ಟು ಬದಲಾವಣೆಯನ್ನು ನಾವು ಒಪ್ಪುತ್ತೇವೆ ಹೇಳಿ.

ಬದಲಾವಣೆ ಕಣ್ಣಿಗೆ ಬೀಳದಿದ್ದರೆ? ಒರೆಗಾನ್‌ನ ಕ್ರೇಟರ್ ಲೇಕ್ 594 ಮೀಟರ್ ಆಳದ ಸರೋವರ, ತಿಳಿನೀರಿಗೆ ಹೆಸರುವಾಸಿ. ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಎಲ್ಲಿ ಮರೆಯಾಗುತ್ತದೆ ಎಂದು ನೋಡುವುದು ನೀರಿನ ತಿಳಿ ಅಳೆಯುವ ಹಳೆಯ ವಿಧಾನ. 1970ರ ದಶಕದ ಕೊನೆಯಲ್ಲಿ ಆ ತಟ್ಟೆ 1937ರಲ್ಲಿ ಕಂಡಷ್ಟು ಆಳದವರೆಗೆ ಕಾಣಲಿಲ್ಲ. ಮೇಲಿನ ಅಂಚಿನಲ್ಲಿದ್ದ ಪ್ರವಾಸಿ ತಾಣದ ಕೊಳಚೆ ನೀರು ಇಂಗಿ ಬರುತ್ತಿದೆಯೇ ಎಂಬ ಅನುಮಾನ ಹುಟ್ಟಿತು. 1982ರಲ್ಲಿ ಹತ್ತು ವರ್ಷದ ಅಧ್ಯಯನಕ್ಕೆ ಆದೇಶವಾಯಿತು. ಸರೋವರ ಒಂದೇ ಸಮನೆ ಕೆಡುತ್ತಿದೆ ಎಂದು ಸಾಬೀತಾಗಲಿಲ್ಲ, ತಿಳಿ ಏರಿಳಿಯುವುದು ಅದರ ಸಹಜ ಗುಣವೆಂದು ಕಂಡಿತು. ಆದರೂ ಕೊಳಚೆಯ ಗುಂಡಿಯನ್ನು ಅಲ್ಲಿಂದ ತೆಗೆದರು. ಒಳ್ಳೆಯದೇ ಮಾಡಿದರು.

ಮತ್ತೆ ಬೇರ್ ಲೇಕ್‌ಗೆ ಬರೋಣ. ಕಾರುಗಳ ಕಾಟ ತಪ್ಪಿಸಲು ಅಲ್ಲಿ 1978ರಲ್ಲೇ ಶಟಲ್ ಬಸ್ ಬಂತು. ಗಾಳಿಗೂ ರಸ್ತೆಗೂ ಒಳ್ಳೆಯದಾಯಿತು. ಒಂದು ಸಂಗತಿ ಮಾತ್ರ ಸಂಶೋಧಕರು ಕಾಲುದಾರಿಗಳಲ್ಲಿ ಜನರನ್ನು ಎಣಿಸಿ ನೋಡಿದಾಗ ಸ್ಪಷ್ಟವಾಯಿತು. ಅಷ್ಟು ವರ್ಷ ಜನರನ್ನು ತಡೆಯುತ್ತಿದ್ದದ್ದು ತುಂಬಿದ ಪಾರ್ಕಿಂಗ್ ಜಾಗ! ಬಸ್ಸಿಗೆ ಆ ತಡೆ ಇಲ್ಲ. ಅದು ಜನರನ್ನು ತಂದು ಇಳಿಸುತ್ತಲೇ ಇರುತ್ತದೆ.

2021ರಿಂದ ಬೇರ್ ಲೇಕ್ ರಸ್ತೆಗೆ ಪ್ರವಾಸದ ತಿಂಗಳುಗಳಲ್ಲಿ ಬೆಳಗ್ಗೆ 5ರಿಂದ ಸಂಜೆ 6ರವರೆಗೆ ಪ್ರತ್ಯೇಕವಾಗಿ ಸಮಯ ಕಾದಿರಿಸುವ ನಿಯಮ ಬಂತು. ಅನುಮತಿ ಸಿಗದವರಲ್ಲಿ ಕೆಲವರು ಈಗ 5ಕ್ಕೆ ಮುಂಚೆಯೇ, ಕತ್ತಲಲ್ಲಿ ಟಾರ್ಚ್ ಹಿಡಿದು ಬರುತ್ತಾರೆ.