ರ‍್ಯಾಮ್‌ಡಿಸ್ಕ್ ಹಾಕಿದರೆ ಬಿಲ್ಡ್ ಬೇಗ ಮುಗಿಯುತ್ತದೆಯೇ?

ಪ್ರಶ್ನೆ: ಸರ, ನನ್ನ ಲಿನಕ್ಸ್ ಮಷೀನಿನ್ಯಾಗ 32 ಜಿಬಿ ರ‍್ಯಾಮ್ ಅದ. ಅದರಾಗ ಅರ್ಧ ತೆಗೆದು ರ‍್ಯಾಮ್‌ಡಿಸ್ಕ್ ಮಾಡಿ, ಪ್ರಾಜೆಕ್ಟ್ ಪೂರ್ತಿ ಅಲ್ಲೇ ಇಟ್ಟು ಕಂಪೈಲ್ ಮಾಡಿದ್ರ ಲಗೂನ ಮುಗೀತದೇನ್ರಿ? – ಹಿಂಜೆವಾಡಿಯ ಓದುಗರು

ಉತ್ತರ: ಇಲ್ಲ. ಮುಗಿದರೂ ಗಡಿಯಾರ ನೋಡಿ ಖುಷಿಪಡುವಷ್ಟು ಬೇಗ ಮುಗಿಯುವುದಿಲ್ಲ. ಪುಣೆಯ ನಮ್ಮ ಹುಡುಗರು ಇದನ್ನು ಕೇಳದ ತಿಂಗಳಿಲ್ಲ. ಗಣೇಶನಗರದಲ್ಲಿ ರಾಜ್ಯೋತ್ಸವದ ಊಟಕ್ಕೆ ಕೂತಾಗ, ಹೋಳಿಗೆ ಬಾಯಲ್ಲಿದ್ದಾಗಲೂ ಕೇಳಿದ್ದಾರೆ. ಈ ಸಲ ಬರೆದೇ ಇಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು. ಹೊಸಬರಿಗೊಂದು ಮಾತು: ರ‍್ಯಾಮಿನ ಒಂದು ಪಾಲನ್ನೇ ಡಿಸ್ಕಿನಂತೆ ಬಳಸುವುದು ರ‍್ಯಾಮ್‌ಡಿಸ್ಕ್; ಬರೆದ ಕೋಡನ್ನು, ಅಂದರೆ ಸೋರ್ಸನ್ನು, ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಕಂಪೈಲ್; ಪ್ರೋಗ್ರಾಂ ಸಿದ್ಧವಾಗುವವರೆಗಿನ ಇಡೀ ಕೆಲಸ ಬಿಲ್ಡ್.

‘ಡಿಸ್ಕಿಗಿಂತ ರ‍್ಯಾಮ್ ಎಷ್ಟೋ ಪಟ್ಟು ವೇಗ, ಹಾಗಾಗಿ ಬಿಲ್ಡೂ ಅಷ್ಟೇ ಪಟ್ಟು ವೇಗ’ ಎನ್ನುವುದು ಎಲ್ಲರ ಲೆಕ್ಕ. ಮೊದಲರ್ಧ ಸರಿ. ಎರಡನೆಯದು ಬಿದ್ದುಹೋಗುವುದು ಏಕೆಂದರೆ ನಿಮ್ಮ ಫೈಲುಗಳು ಆಗಲೇ ರ‍್ಯಾಮಿನಲ್ಲಿವೆ. ಒಮ್ಮೆ ಓದಿದ ಫೈಲನ್ನು ಲಿನಕ್ಸ್ ಖಾಲಿ ಬಿದ್ದಿರುವ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದೇ ಪೇಜ್ ಕ್ಯಾಶ್. ಲಿನಕ್ಸಿನ ತಿರುಳಾದ ಕರ್ನಲ್ಲಿನ ಸೋರ್ಸ್ ಬಿಚ್ಚಿದರೆ ಒಂದೂವರೆ ಜಿಬಿಯ ಆಸುಪಾಸು, 32 ಜಿಬಿಯ ಮೂಲೆಯೊಂದರಲ್ಲಿ ಕೂತುಬಿಡುತ್ತದೆ. ಒಂದು ಹೆಡರ್ ಫೈಲನ್ನು ಸಾವಿರ ಫೈಲುಗಳು ಎಳೆದುಕೊಂಡರೂ ಡಿಸ್ಕಿನಿಂದ ಓದುವುದು ಒಂದೇ ಸಲ. ಈಗಷ್ಟೇ, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಿಂದ ಇಳಿಸಿಕೊಂಡದ್ದಾದರೆ ಆ ಒಂದು ಸಲವೂ ಇಲ್ಲ, ಬರೆಯುವಾಗಲೇ ಕ್ಯಾಶಿಗೆ ಬಂದಿರುತ್ತದೆ.

‘ಆಬ್ಜೆಕ್ಟ್ ಫೈಲುಗಳನ್ನು ಬರೆಯಬೇಕಲ್ಲ, ಸರ?’ ಅಂದರೆ ಒಂದೊಂದು ಫೈಲೂ ಕಂಪೈಲ್ ಆಗಿ ಸಿಗುವ ತುಂಡುಗಳು. ಬರೆಯಬೇಕು. ಆದರೆ ಕಂಪೈಲರ್ ಬರೆಯುವುದೂ ಮೊದಲು ಅದೇ ಕ್ಯಾಶಿಗೆ. ಡಿಸ್ಕಿಗೆ ಇಳಿಸುವ ಕೆಲಸ ಕರ್ನಲ್ಲಿನದು, ಸಾಮಾನ್ಯ ಸೆಟ್ಟಿಂಗಿನಲ್ಲಿ ಸುಮಾರು 30 ಸೆಕೆಂಡು ಹಳತಾದ ಮೇಲೆ, ಹಿಂದಿನಿಂದ. ಕಂಪೈಲರ್ ಅದಕ್ಕೆ ಕಾಯುತ್ತ ನಿಂತಿರುವುದಿಲ್ಲ. ಇನ್ನೊಂದು ತಮಾಷೆ ಕೇಳಿ: ನೀವು ರ‍್ಯಾಮ್‌ಡಿಸ್ಕ್ ಎಂದು ಕಟ್ಟುವ ಟಿಎಂಪಿಎಫ್‌ಎಸ್ ಇದೆಯಲ್ಲ, ಅದು ಬದುಕುವುದೇ ಪೇಜ್ ಕ್ಯಾಶಿನೊಳಗೆ. ಇದ್ದ ಜಾಗದಿಂದ ಇದ್ದ ಜಾಗಕ್ಕೇ ಸಾಮಾನು ಸಾಗಿಸಿದಿರಿ, ಅಷ್ಟೇ.

ಹಾಗಾದರೆ ಹೊತ್ತು ಹೋಗುವುದೆಲ್ಲಿ? ಸಿಪಿಯುನಲ್ಲಿ. ಸಿ++ ಟೆಂಪ್ಲೇಟುಗಳನ್ನು ಬಿಡಿಸುವುದು, ಆಪ್ಟಿಮೈಸ್ ಮಾಡುವುದು, ಇವೆಲ್ಲ ಬೆವರು ಸುರಿಸುವ ಕೆಲಸ. ತರಕಾರಿ ಹೆಚ್ಚಿ ಕಟ್ಟೆಯ ಮೇಲಿಟ್ಟಾಗಿದೆ; ಹೊಸ ಫ್ರಿಜ್ ತಂದರೆ ಸಾರು ಬೇಗ ಕುದಿಯುತ್ತದೆಯೇ?

ನಂಬಿಕೆ ಬಾರದಿದ್ದರೆ ಅಳೆದು ನೋಡಿ. ಬಿಲ್ಡ್ ಓಡಿಸುವ ಮೇಕ್ ಕಮಾಂಡಿಗೆ ಮೊದಲು ಟೈಮ್ ಎಂದು ಸೇರಿಸಿ. ಕೊನೆಗೆ ರಿಯಲ್, ಯೂಸರ್, ಸಿಸ್ ಎಂದು ಮೂರು ಸಾಲು ಬರುತ್ತವೆ. ರಿಯಲ್ ಎಂದರೆ ಗಡಿಯಾರದ ಹೊತ್ತು; ಯೂಸರ್, ಸಿಸ್ ಎಂದರೆ ಕೋರುಗಳು ದುಡಿದ ಹೊತ್ತು. 8 ಕೋರಿನ ಮಷೀನಿನಲ್ಲಿ ರಿಯಲ್ 10 ನಿಮಿಷ ಬಂತೆನ್ನಿ. ಎಂಟೂ ಕೋರು ಸೇರಿ ದುಡಿಯಬಹುದಾದದ್ದು 80 ನಿಮಿಷ. ಯೂಸರ್ ಮತ್ತು ಸಿಸ್ ಕೂಡಿಸಿದರೆ 76 ಆಯಿತೆನ್ನಿ. ಸುಮ್ಮನೆ ಕೂತದ್ದು 4 ನಿಮಿಷ, ಎಂಟಕ್ಕೂ ಹಂಚಿದರೆ ಅರ್ಧ ನಿಮಿಷ. ದೇವರೇ ಬಂದು ಡಿಸ್ಕ್ ಮಾಡಿಕೊಟ್ಟರೂ ಇದಕ್ಕಿಂತ ಹೆಚ್ಚು ಉಳಿಯದು. ಅದರಲ್ಲೂ ದೊಡ್ಡ ಪಾಲು ಆಬ್ಜೆಕ್ಟ್ ಫೈಲುಗಳನ್ನೆಲ್ಲ ಜೋಡಿಸುವ ಕೊನೆಯ ಲಿಂಕಿಂಗಿನದಿರಬಹುದು, ಒಂದು ಕೋರ್ ದುಡಿಯುತ್ತ ಉಳಿದವು ನೋಡುತ್ತ ಕೂರುವ ಹೊತ್ತು.

ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಬೆಳಗಿನ ಮೊದಲ ಬಿಲ್ಡ್ ತೆವಳುತ್ತದೆ, ನಿಜ. ಆದರೆ ರ‍್ಯಾಮ್‌ಡಿಸ್ಕಿಗೆ ತುಂಬಿಸಲೂ ಅದೇ ಡಿಸ್ಕಿನಿಂದಲೇ ಓದಬೇಕಲ್ಲ! ಸೋರ್ಸ್ ಆಫೀಸಿನ ನೆಟ್‌ವರ್ಕ್ ಡ್ರೈವಿನಲ್ಲಿದ್ದರೆ ಲೋಕಲ್ ಎಸ್‌ಎಸ್‌ಡಿಗೆ ತಂದುಕೊಳ್ಳಿ, ಸಾಕು. ಪ್ರೋಗ್ರಾಂಗಳನ್ನು ತಾವೇ ಕಂಪೈಲ್ ಮಾಡಿಕೊಳ್ಳುವ ಜೆಂಟೂ ಲಿನಕ್ಸ್ ಬಳಸುವವರು ಎಸ್‌ಎಸ್‌ಡಿ ಸವೆಯಬಾರದೆಂದು ಟಿಎಂಪಿಎಫ್‌ಎಸ್‌ನಲ್ಲಿ ಕಟ್ಟುತ್ತಾರೆ. ಆ ಕಾರಣ ಒಪ್ಪುತ್ತೇನೆ; ಅದು ವೇಗದ ಮಾತಲ್ಲ.

ನಷ್ಟವೂ ಇದೆ. ಜೂನಿನ ಮೊದಲ ಮಳೆಗೆ ಕರೆಂಟ್ ಹೋಯಿತೆಂದರೆ ಬೇರೆಡೆ ಉಳಿಸಿಡದ ಕೋಡ್ ಹೋಯಿತು. ಆಬ್ಜೆಕ್ಟ್ ಫೈಲುಗಳೂ ಹೋದವು, ಒಂದು ಫೈಲು ತಿದ್ದಿದ್ದಕ್ಕೆ ಇಡೀ ಪ್ರಾಜೆಕ್ಟ್ ಮತ್ತೆ ಮೊದಲಿನಿಂದ. ಮೇಲಾಗಿ ದೊಡ್ಡ ಸಿ++ ಪ್ರಾಜೆಕ್ಟಿನ ಲಿಂಕರ್ ಹಲವು ಜಿಬಿ ಮೆಮೊರಿ ಕೇಳುತ್ತದೆ. ಅರ್ಧ ರ‍್ಯಾಮ್ ಡಿಸ್ಕಿಗೆ ಹೋಗಿದ್ದರೆ ಸ್ವಾಪ್ (ರ‍್ಯಾಮ್ ಸಾಲದೆ ಅದರಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸುವುದು) ಶುರು, ವೇಗಕ್ಕೆಂದು ಮಾಡಿದ್ದು ನಿಧಾನಕ್ಕೆ ದಾರಿ. ಹೊತ್ತು ಉಳಿಸಲೇಬೇಕೆಂದರೆ ಆಂಡ್ರ್ಯೂ ಟ್ರಿಜೆಲ್ ಬರೆದ ಸಿಕ್ಯಾಶ್ ಹಾಕಿಕೊಳ್ಳಿ. ಬದಲಾಗದ ಕೋಡನ್ನು ಅದು ಮತ್ತೆ ಕಂಪೈಲ್ ಮಾಡಿಸುವುದೇ ಇಲ್ಲ.

‘ಹಾಗಾದ್ರ ಮುಂಬಯಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ರ‍್ಯಾಮ್ ತರೂದು ದಂಡ ಏನ್ರಿ?’ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ವಾಪ್ ಆಗುತ್ತಿದ್ದರೆ ಧಾರಾಳವಾಗಿ ತನ್ನಿ, ತಂದು ಕರ್ನಲ್ಲಿಗೆ ಬಿಟ್ಟುಬಿಡಿ. ಆಮೇಲೆ ಮೆಮೊರಿಯ ಲೆಕ್ಕ ತೋರಿಸುವ ಫ್ರೀ ಕಮಾಂಡ್ ಕೊಟ್ಟು, ಮೆಮೊರಿಯೆಲ್ಲ ಮುಗಿದಿದೆ ಎಂದು ಗಾಬರಿಯಿಂದ ನನಗೆ ಫೋನ್ ಮಾಡಬೇಡಿ. ಅದರಲ್ಲಿ ನೋಡಬೇಕಾದದ್ದು ಫ್ರೀ ಎಂಬ ಕಾಲಂ ಅಲ್ಲ, ಅವೈಲೇಬಲ್ ಎಂಬುದು. 2014ರ 3.14 ಕರ್ನಲ್ಲಿನಿಂದ ಕರ್ನಲ್ಲೇ ಈ ಲೆಕ್ಕ ಕೊಡುತ್ತಿದೆ. ಕ್ಯಾಶಿಗೆ ಹೋದ ಮೆಮೊರಿ ಯಾವುದಾದರೂ ಪ್ರೋಗ್ರಾಂ ಕೇಳಿದ ಕೂಡಲೇ ವಾಪಸ್ ಸಿಗುತ್ತದೆ. ಇದನ್ನರಿಯದೆ ಕೆಲವರು ಗಂಟೆಗೊಮ್ಮೆ ಡ್ರಾಪ್ ಕ್ಯಾಶಸ್, ಅಂದರೆ ಕ್ಯಾಶ್ ಖಾಲಿ ಮಾಡುವ ಆದೇಶ, ತಾನಾಗಿ ಓಡಿಸುವ ಕ್ರಾನ್ ಇಟ್ಟಿರುತ್ತಾರೆ. ರ‍್ಯಾಮ್‌ಡಿಸ್ಕ್ ಬೇಕೆನ್ನುವವರೂ ಸಾಮಾನ್ಯವಾಗಿ ಅವರೇ! ನಿಮ್ಮಲ್ಲಿ ಅಂಥದ್ದಿದ್ದರೆ ಮೊದಲು ಆ ಸಾಲು ಅಳಿಸಿ, ನಂತರ ಬಿಲ್ಡ್ ಅಳೆಯಿರಿ.