ಸರ್ವಿಸ್ ಹೊಡೆಯೋದು ಕೈ, ಆಡಿಸೋದು ಗಾಳಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಲ್ಯಾರಮಿ ಅಂತ ಒಂದು ಊರಿದೆ. ಸಮುದ್ರ ಮಟ್ಟದಿಂದ 7,220 ಅಡಿ ಎತ್ತರ. ಮೀಟರಿನಲ್ಲಿ ಹೇಳುವುದಾದರೆ ಸುಮಾರು 2,200. ನಮ್ಮ ಮುಳ್ಳಯ್ಯನಗಿರಿಯ ತುದಿ ಹತ್ತಿ ನಿಂತರೂ ಅಷ್ಟು ಎತ್ತರ ಆಗುವುದಿಲ್ಲ. ವಯೋಮಿಂಗ್ ವಿಶ್ವವಿದ್ಯಾಲಯ ಇರುವುದು ಆ ಊರಲ್ಲಿ. ಅಲ್ಲಿನ ಹುಡುಗಿಯರ ವಾಲಿಬಾಲ್ ತಂಡ ತನ್ನ ತವರಿನ ಪಂದ್ಯಗಳನ್ನು ಆಡುವುದೂ ಅಲ್ಲೇ.

ಅಮೆರಿಕದಲ್ಲಿ ಹುಡುಗಿಯರ ಕಾಲೇಜು ವಾಲಿಬಾಲ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್‌ವರೆಗೆ ನಡೆಯುತ್ತದೆ. ಕೆಲವು ಪಂದ್ಯ ತಮ್ಮ ಊರಲ್ಲಿ, ಕೆಲವು ಎದುರಾಳಿಯ ಊರಲ್ಲಿ. ಊರಿನ ಪಂದ್ಯ ಅಂದರೆ ಅಲ್ಲಿ ಹಬ್ಬ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡ 2023ರ ಆಗಸ್ಟ್ 30ರಂದು ಲಿಂಕನ್ ನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನೆಟ್ ಕಟ್ಟಿ ಆಡಿತು. ನೋಡಲು ಬಂದವರು 92,003 ಜನ. ಅದೂ ಒಂದು ಕಾಲೇಜು ಮ್ಯಾಚಿಗೆ!

ತವರಿನಲ್ಲಿ ಆಡುವವರಿಗೆ ಅನುಕೂಲ ಇದ್ದೇ ಇದೆ. ಜನ ಕೂಗಿ ಹುರಿದುಂಬಿಸುತ್ತಾರೆ, ಪ್ರಯಾಣದ ಸುಸ್ತಿಲ್ಲ, ರಾತ್ರಿ ತಮ್ಮದೇ ಹಾಸಿಗೆಯಲ್ಲಿ ನಿದ್ದೆ. ಇದೆಲ್ಲ ಗೊತ್ತಿರುವ ಮಾತು. ಲ್ಯಾರಮಿಯಲ್ಲಿ ಇನ್ನೊಂದು ಅನುಕೂಲವೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿನ ಗಾಳಿ. ಆ ಗಾಳಿ ಮೊದಲು ಕೈಹಾಕುವುದು ಸರ್ವಿಸ್‌ಗೆ.

ಸರ್ವಿಸ್ ಹೊಡೆಯುವ ಹುಡುಗಿಯನ್ನು ಹತ್ತಿರದಿಂದ ನೋಡೋಣ. ರೆಫರಿ ಸೀಟಿ ಊದಿದರು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಅವಳ ಕೈಯಲ್ಲಿರುವುದು 8 ಸೆಕೆಂಡು. ಎಡಗೈಯಲ್ಲಿ ಬಾಲ್ ಇಟ್ಟುಕೊಂಡು ಒಮ್ಮೆ ತಿರುಗಿಸುತ್ತಾಳೆ. ಗಾಳಿ ತುಂಬುವ ವಾಲ್ವ್ ಯಾವ ಕಡೆಗಿದೆ ಅಂತ ನೋಡಿಕೊಳ್ಳುತ್ತಾಳೆ. ಪ್ರತಿ ಸಲವೂ ಅದು ಒಂದೇ ಕಡೆಗೆ ಇರಬೇಕು, ಇದು ಎಷ್ಟೋ ಆಟಗಾರರ ರೂಢಿ. ಎರಡು ಹೆಜ್ಜೆ, ಬಾಲನ್ನು ಸ್ವಲ್ಪ ಮೇಲಕ್ಕೆ ಎಸೆತ, ಸಣ್ಣ ಜಿಗಿತ. ಅಂಗೈ ಗಟ್ಟಿ, ಮಣಿಕಟ್ಟು ಬಿಗಿ. ಬಾಲಿನ ನಟ್ಟನಡುವೆ ಒಂದು ಪೆಟ್ಟು. ಪೆಟ್ಟು ಬಿದ್ದ ಕೂಡಲೇ ಕೈ ಅಲ್ಲೇ ನಿಲ್ಲುತ್ತದೆ, ಬಾಲನ್ನು ಸವರಿಕೊಂಡು ಮುಂದೆ ಹೋಗುವುದಿಲ್ಲ. ಹಾಗಾಗಿ ಬಾಲ್ ತಿರುಗುವುದೇ ಇಲ್ಲ.

ಇದು ಫ್ಲೋಟ್ ಸರ್ವಿಸ್. ಅದನ್ನು ಎತ್ತಲು ಆ ಕಡೆ ನಿಂತವರಿಗೆ ಇದರಷ್ಟು ಕಿರಿಕಿರಿಯ ಬಾಲ್ ಇನ್ನೊಂದಿಲ್ಲ. ನೆಟ್ ದಾಟುವವರೆಗೂ ನೇರ ಬಂದದ್ದು ಎದೆ ಹತ್ತಿರ ಬಂದಾಗ ಎಡಕ್ಕೆ ಸರಿಯುತ್ತದೆ. ಅಥವಾ ಸುಮ್ನೆ ಕುಸಿದು ಮಂಡಿ ಹತ್ತಿರ ಬೀಳುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಮಣ್ಣಿನ ಕೋರ್ಟಿನಲ್ಲಿ ಇಂಥ ಸರ್ವಿಸ್ ಎದುರಿಸಿದ್ದೇನೆ. ಎರಡೂ ಕೈ ಜೋಡಿಸಿ ಸರಿಯಾದ ಜಾಗದಲ್ಲೇ ನಿಂತಿರುತ್ತಿದ್ದೆ. ಬಾಲ್ ಮಾತ್ರ ಹೆಬ್ಬೆರಳಿಗೆ ತಾಗಿ ಪಕ್ಕದ ಹಲಸಿನ ಮರದ ಬುಡಕ್ಕೆ ಓಡುತ್ತಿತ್ತು. ಹೊಡೆದವನು ಏನೋ ಕೈಚಳಕ ಮಾಡಿದ ಅಂದುಕೊಳ್ಳುತ್ತಿದ್ದೆ. ಚಳಕ ಪೂರ್ತಿ ಅವನದಲ್ಲ, ಗಾಳಿಯದ್ದೂ ಇತ್ತು.

ಗಾಳಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಮೊದಲು ಬಾಲನ್ನು ಕೈಯಲ್ಲಿ ಹಿಡಿದು ನೋಡಿ. ವಾಲಿಬಾಲ್ ಹೆಚ್ಚುಕಡಿಮೆ ಫುಟ್‌ಬಾಲಿನಷ್ಟೇ ದೊಡ್ಡದು, ಅಡ್ಡಳತೆ ಸುಮಾರು 21 ಸೆಂ.ಮೀ. ಆದರೆ ಫುಟ್‌ಬಾಲ್ 410ರಿಂದ 450 ಗ್ರಾಂ ತೂಗಿದರೆ ವಾಲಿಬಾಲ್ 260ರಿಂದ 280 ಗ್ರಾಂ ಅಷ್ಟೇ. ಮೈ ದೊಡ್ಡದು, ತೂಕ ಕಡಿಮೆ. ಗಂಟೆಗೆ 65 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುವ ಬಲ, ಭೂಮಿ ಅದನ್ನು ಕೆಳಕ್ಕೆ ಎಳೆಯುವ ಬಲದಷ್ಟೇ ಆಗಬಹುದು. ಅಂದ್ರೆ ಈ ಬಾಲಿಗೆ ಗಾಳಿ ಎರಡನೇ ಭೂಮಿ ಇದ್ದ ಹಾಗೆ.

'ಆಗಬಹುದು' ಅಂದದ್ದಕ್ಕೆ ಕಾರಣ ಇದೆ. ಗಾಳಿಯ ತಡೆ ವೇಗದ ಜೊತೆ ಒಂದೇ ರೀತಿ ಏರುತ್ತಾ ಹೋಗುವುದಿಲ್ಲ. ಒಂದು ವೇಗ ದಾಟಿದರೆ ದಿಢೀರ್ ಅಂತ ಇಳಿದುಬಿಡುತ್ತದೆ! ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು ಗುಸ್ತಾವ್ ಐಫೆಲ್. ಹೌದು, ಪ್ಯಾರಿಸ್ಸಿನ ಐಫೆಲ್ ಗೋಪುರದ ಅದೇ ಐಫೆಲ್. ಗಾಳಿಯನ್ನು ರಭಸವಾಗಿ ಹಾಯಿಸುವ ಸುರಂಗ ಕಟ್ಟಿಸಿ ಅದರಲ್ಲಿ ಗೋಳಗಳನ್ನು ಇಟ್ಟು ಅಳೆಯುತ್ತಿದ್ದರು. 1912ರಲ್ಲಿ ಅವರಿಗೆ ಸಿಕ್ಕ ಅಂಕಿಗಳು ಜರ್ಮನಿಯ ಲುಡ್‌ವಿಗ್ ಪ್ರಾಂಟ್ಲ್ ಅವರ ಪ್ರಯೋಗಾಲಯದ ಅಂಕಿಗಳಿಗೆ ತಾಳೆಯಾಗಲಿಲ್ಲ. ಐಫೆಲ್ ಅವರ ಗೋಳಗಳಿಗೆ ಗಾಳಿಯ ತಡೆ ತೀರಾ ಕಡಿಮೆ. ಯಾರದ್ದು ತಪ್ಪು? ಯಾರದ್ದೂ ಅಲ್ಲ. ಐಫೆಲ್ ಹೆಚ್ಚು ವೇಗದಲ್ಲಿ ಅಳೆದಿದ್ದರು, ಅಷ್ಟೇ. 1914ರಲ್ಲಿ ಪ್ರಾಂಟ್ಲ್ ಗೋಳದ ಸುತ್ತ ಒಂದು ತೆಳು ತಂತಿಯ ಉಂಗುರ ಕಟ್ಟಿ ಪರೀಕ್ಷೆ ಮಾಡಿದರು. ಕಡಿಮೆ ವೇಗದಲ್ಲೂ ತಡೆ ಇಳಿಯಿತು.

ಅದು ಹೇಗೆ ಅಂದರೆ, ಬಾಲಿನ ಮೈಗೆ ಅಂಟಿಕೊಂಡು ಒಂದು ತೆಳುವಾದ ಗಾಳಿಯ ಪದರ ಹರಿಯುತ್ತಿರುತ್ತದೆ. ವೇಗ ಕಡಿಮೆ ಇದ್ದಾಗ ಆ ಪದರ ನಯವಾಗಿ ಹರಿಯುತ್ತದೆ, ಆದರೆ ಬಾಲಿನ ಮೈಯನ್ನು ಬೇಗ ಬಿಟ್ಟುಬಿಡುತ್ತದೆ. ಬಾಲಿನ ಹಿಂದೆ ಸುಳಿಗಾಳಿಯ ದೊಡ್ಡ ಬಾಲವೇ ಹುಟ್ಟುತ್ತದೆ, ಅದು ಬಾಲನ್ನು ಹಿಂದಕ್ಕೆ ಜಗ್ಗುತ್ತದೆ. ವೇಗ ಜಾಸ್ತಿಯಾದರೆ ಆ ಪದರ ಕಲಕಿಹೋಗುತ್ತದೆ. ಕಲಕಿದ ಪದರ ಮೈಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ಆಗ ಹಿಂದಿನ ಸುಳಿ ಸಣ್ಣದು, ಜಗ್ಗಾಟವೂ ಕಡಿಮೆ. ಪ್ರಾಂಟ್ಲ್ ಅವರ ತಂತಿ ಮಾಡಿದ್ದೂ ಇದನ್ನೇ, ಪದರವನ್ನು ಬೇಕಂತಲೇ ಕಲಕಿತು. ಬಾಲಿನ ಹೊಲಿಗೆ, ತುಂಡುಗಳ ನಡುವಿನ ಗೆರೆ ಮಾಡುವುದೂ ಅದೇ ಕೆಲಸ.

ಫ್ಲೋಟ್ ಸರ್ವಿಸ್ ಹೋಗುವ ವೇಗ ಸರಿಯಾಗಿ ಈ ಗಡಿಯ ಆಸುಪಾಸಿನಲ್ಲೇ ಇರುತ್ತದೆ. ಗಡಿಗಿಂತ ಸ್ವಲ್ಪ ಮೇಲಿನ ವೇಗದಲ್ಲಿ ಹೊರಟ ಬಾಲ್ ನೆಟ್ ದಾಟುವ ಹೊತ್ತಿಗೆ ನಿಧಾನವಾಗಿ ಗಡಿಯ ಕೆಳಗೆ ಬರುತ್ತದೆ. ಆಗ ತಡೆ ಒಮ್ಮೆಲೇ ಎರಡು ಪಟ್ಟಿಗೂ ಜಾಸ್ತಿಯಾಗಬಹುದು. ನಡುದಾರಿಯಲ್ಲಿ ಯಾರೋ ಬ್ರೇಕ್ ಹಾಕಿದಂತೆ ಬಾಲ್ ಕುಸಿಯುತ್ತದೆ. ಒಂದು ಪಕ್ಕದಲ್ಲಿ ಹೊಲಿಗೆ, ಇನ್ನೊಂದು ಪಕ್ಕದಲ್ಲಿ ನುಣುಪು ಇದ್ದರೆ ಎರಡು ಕಡೆಯ ಗಾಳಿ ಬೇರೆ ಬೇರೆ ಜಾಗದಲ್ಲಿ ಮೈ ಬಿಡುತ್ತದೆ, ಬಾಲ್ ಪಕ್ಕಕ್ಕೆ ವಾಲುತ್ತದೆ. ಕ್ರಿಕೆಟ್ ಬಾಲ್ ಸ್ವಿಂಗ್ ಆಗುವುದೂ ಹೆಚ್ಚುಕಡಿಮೆ ಹೀಗೇ. ಆ ಹುಡುಗಿ ವಾಲ್ವ್ ಎಲ್ಲಿದೆ ಅಂತ ನೋಡಿಕೊಂಡದ್ದು ಸುಮ್ನೆ ಅಲ್ಲ.

ಜಿಗಿದು ಬಲವಾಗಿ ಹೊಡೆಯುವ ಸರ್ವಿಸ್‌ನ ಕಥೆ ಬೇರೆ. ಅದರಲ್ಲಿ ಬಾಲ್ ಮುಂದಕ್ಕೆ ಉರುಳುವಂತೆ ಗಿರಗಿರ ತಿರುಗುತ್ತದೆ. ಈ ಟಾಪ್‌ಸ್ಪಿನ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿ. ಒಬ್ಬ ಎತ್ತರದ ಆಟಗಾರ 3.3 ಮೀಟರ್ ಮೇಲಿಂದ ಗಂಟೆಗೆ 108 ಕಿ.ಮೀ. ವೇಗದಲ್ಲಿ, ನೆಲಕ್ಕೆ ಸಮವಾಗಿ ಹೊಡೆದ ಅಂದುಕೊಳ್ಳಿ. ಬಾಲ್ ನೆಲ ಮುಟ್ಟಲು 0.82 ಸೆಕೆಂಡು ಬೇಕು. ಅಷ್ಟರಲ್ಲಿ ಅದು 24 ಮೀಟರ್ ದಾಟಿರುತ್ತದೆ. ಕೋರ್ಟಿನ ಉದ್ದ 18 ಮೀಟರ್. ಗಾಳಿಯ ತಡೆಯನ್ನು ಕಳೆದರೂ ಬಾಲ್ ಹೊರಗೇ. ಟಾಪ್‌ಸ್ಪಿನ್ ಇದ್ದಾಗ ಗಾಳಿ ಬಾಲನ್ನು ಕೆಳಕ್ಕೆ ಒತ್ತುತ್ತದೆ. 1852ರ ಸುಮಾರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಿದ ಜರ್ಮನಿಯ ವಿಜ್ಞಾನಿ ಮ್ಯಾಗ್ನಸ್ ಅವರ ಹೆಸರೇ ಈ ಪರಿಣಾಮಕ್ಕೆ ಬಂದಿದೆ. ಗಂಡಸರ ಆಟದಲ್ಲಿ ಗಂಟೆಗೆ 130 ಕಿ.ಮೀ. ಮೀರಿದ ಸರ್ವಿಸ್‌ಗಳೂ ಕೋರ್ಟಿನ ಒಳಗೆ ಬೀಳುವುದು ಈ ಒತ್ತಡದಿಂದ.

ಈಗ ಲ್ಯಾರಮಿಗೆ ಬರೋಣ.

ಅಲ್ಲಿನ ಒಳಾಂಗಣದಲ್ಲಿ ಗಾಳಿ ಕಡಲ ತೀರದ ಗಾಳಿಗಿಂತ ಐದನೇ ಒಂದು ಪಾಲಿಗೂ ಜಾಸ್ತಿ ತೆಳು. ಸ್ಯಾನ್ ಡಿಯೆಗೊ ಸ್ಟೇಟ್ ತಂಡ ವರ್ಷಗಟ್ಟಲೆ ವಯೋಮಿಂಗ್ ಜೊತೆ ಒಂದೇ ಲೀಗ್‌ನಲ್ಲಿ ಆಡಿದೆ. ಅವರ ಊರು ಪೆಸಿಫಿಕ್ ಕಡಲ ತೀರದ್ದು. ಅಲ್ಲಿಂದ ಬಂದ ಹುಡುಗಿ ತನ್ನ ಊರಲ್ಲಿ ಹೊಡೆಯುವ ಹಾಗೇ ಟಾಪ್‌ಸ್ಪಿನ್ ಹೊಡೆದರೆ ಕೆಳಕ್ಕೆ ಒತ್ತುವ ಗಾಳಿ ಕಡಿಮೆ, ಹಿಂದಕ್ಕೆ ತಳ್ಳುವ ಗಾಳಿಯೂ ಕಡಿಮೆ. ನನ್ನ ಒರಟು ಲೆಕ್ಕದಲ್ಲಿ ಬಾಲ್ ಸುಮಾರು ಒಂದು ಮೀಟರ್ ಉದ್ದ ಹೋಗುತ್ತದೆ. ಊರಲ್ಲಿ ಗೆರೆಯ ಒಳಗೆ ಬೀಳುತ್ತಿದ್ದದ್ದು ಇಲ್ಲಿ ಹೊರಗೆ.

ಫ್ಲೋಟ್‌ನ ವಿಷಯ ಇನ್ನೂ ಸ್ವಾರಸ್ಯ. ಗಾಳಿ ತೆಳುವಾದರೆ ಆ ಗಡಿ ವೇಗ ಮೇಲಕ್ಕೆ ಏರುತ್ತದೆ. ಕಡಲ ತೀರದಲ್ಲಿ ಅದು ಗಂಟೆಗೆ 50 ಕಿ.ಮೀ. ಇದ್ದರೆ ಲ್ಯಾರಮಿಯಲ್ಲಿ ಸುಮಾರು 65 ಆಗುತ್ತದೆ. ಊರಲ್ಲಿ 60ರ ವೇಗದಲ್ಲಿ ಹೊರಟು ನೆಟ್ ಆಚೆ ಹೋದ ಮೇಲೆ ಕುಸಿಯುತ್ತಿದ್ದ ಬಾಲ್ ಇಲ್ಲಿ ಕೈಬಿಟ್ಟಾಗಲೇ ಗಡಿಯ ಕೆಳಗಿರುತ್ತದೆ. ಆ ಕೊನೆಯ ಕ್ಷಣದ ಕುಸಿತವೇ ಇಲ್ಲ. ಅದೇ ಆಟಗಾರ್ತಿ, ಅದೇ ಕೈ, ಅದೇ ಪೆಟ್ಟು. ಆದರೆ ಬೇರೆಯೇ ಸರ್ವಿಸ್. ಟಾಪ್‌ಸ್ಪಿನ್ ಉದ್ದ ಹೋಗುತ್ತಿದೆ ಅಂತ ಎಲ್ಲ ಸರ್ವಿಸನ್ನೂ ಮೆಲ್ಲಗೆ ಹೊಡೆದರೆ ಫ್ಲೋಟ್ ಇನ್ನೂ ಸಪ್ಪೆಯಾಗುತ್ತದೆ. ಲ್ಯಾರಮಿಯ ಹುಡುಗಿಯರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ದಿನವೂ ಅದೇ ಗಾಳಿಯಲ್ಲಿ ಹೊಡೆದು ಹೊಡೆದು ಅವರ ಕೈ ಅದನ್ನು ಕಲಿತಿರುತ್ತದೆ.

ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಮಡಿಕೇರಿ ತಲುಪುವಾಗ ಊದಿಕೊಂಡಿರುತ್ತದೆ, ನೋಡಿದ್ದೀರಲ್ವಾ? ಬಾಲಿಗೂ ಹಾಗೇ ಆಗುತ್ತದೆ. ಕಡಲ ತೀರದಲ್ಲಿ ನಿಯಮದ ಪ್ರಕಾರ ಗಾಳಿ ತುಂಬಿದ ಬಾಲನ್ನು ಲ್ಯಾರಮಿಗೆ ಒಯ್ದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ತೀರಾ ಜಾಸ್ತಿಯಾಗಿ ಬಾಲ್ ಕಲ್ಲಿನ ಹಾಗಾಗುತ್ತದೆ. ಸೂಜಿ ಚುಚ್ಚಿ ಗಾಳಿ ಬಿಡಲೇಬೇಕು. ನಮ್ಮಲ್ಲೂ ಬೆಂಗಳೂರಿಗೂ ಮಂಗಳೂರಿಗೂ 900 ಮೀಟರಿನ ವ್ಯತ್ಯಾಸ ಇದೆ. ಬೆಂಗಳೂರಿನ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ಘಟ್ಟ ಇಳಿದು ಆಡಲು ಹೋದ ಬೆಂಗಳೂರಿನ ಕಾಲೇಜು ಹುಡುಗನ ಜಂಪ್ ಸರ್ವಿಸ್ ಕರಾವಳಿಯಲ್ಲಿ ಬೇಗ ಇಳಿಯುತ್ತದೆ. ಮೊದಲ ಎರಡು ಸರ್ವಿಸ್ ನೆಟ್‌ಗೆ ಬಿದ್ದರೆ ಅವನನ್ನು ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳಬೇಕು.

ಬೈಯುವ ವಿಷಯ ಬಂತು. ನಮ್ಮ ಪಿ.ಟಿ. ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು, "ಏನಾದ್ರೂ ಮಾಡು, ಸರ್ವಿಸ್ ಮಾತ್ರ ಬಿಟ್ಕೊಡ್ಬೇಡ ಕಣೋ." ನಾವೆಲ್ಲ ಹೆದರಿ ಮೆತ್ತಗೆ ದಾಟಿಸುತ್ತಿದ್ದೆವು. ಆ ಮಾತು ಪೂರ್ತಿ ಸರಿಯಲ್ಲ ಅಂತ ಈಗ ಅನ್ನಿಸುತ್ತದೆ. ಲೆಕ್ಕ ಹೀಗಿದೆ. 100 ಸರ್ವಿಸ್ ಮೆತ್ತಗೆ ದಾಟಿಸಿದಿರಿ, ಒಂದೂ ತಪ್ಪಲಿಲ್ಲ ಅನ್ನಿ. ಎದುರಾಳಿ ಆರಾಮಾಗಿ ಎತ್ತಿ, ಸ್ಮ್ಯಾಶ್‌ಗೆ ಬಾಲ್ ಎತ್ತಿಕೊಡುವ ಲಿಫ್ಟರ್ ಕೈಗೆ ಕೊಟ್ಟು, ಸ್ಮ್ಯಾಶ್ ಹೊಡೆಯುತ್ತಾರೆ. ನೀವು ಗೆಲ್ಲುವುದು ಸುಮಾರು 35 ಪಾಯಿಂಟ್ ಅಂತ ಇಟ್ಟುಕೊಳ್ಳೋಣ. ಇನ್ನೊಬ್ಬಳು ಧೈರ್ಯವಾಗಿ ಹೊಡೆಯುತ್ತಾಳೆ. 8 ಏಸ್ (ಎದುರಾಳಿಗೆ ಎತ್ತಲಾಗದೆ ನೇರವಾಗಿ ಪಾಯಿಂಟ್ ತಂದ ಸರ್ವಿಸ್), 12 ತಪ್ಪು. ಉಳಿದ 80ರಲ್ಲಿ ಎದುರಾಳಿ ತಡವರಿಸುವುದರಿಂದ ಅವಳ ತಂಡ ನೂರಕ್ಕೆ 42ರಂತೆ ಗೆದ್ದರೆ ಅದು ಸುಮಾರು 34. ಏಸ್ ಸೇರಿ 42 ಪಾಯಿಂಟ್. ತಪ್ಪುಗಳು 12 ಇದ್ದರೂ ಅವಳೇ ಮುಂದೆ. ಆದರೆ ತಪ್ಪು 30ಕ್ಕೆ ಏರಿ ಏಸ್ 10ರಲ್ಲೇ ನಿಂತರೆ ಮತ್ತೆ 35ಕ್ಕೇ ಬಂದು ನಿಲ್ಲುತ್ತದೆ. ಧೈರ್ಯಕ್ಕೂ ಒಂದು ಗಡಿ ಇದೆ. ನಮ್ಮ ಪ್ರೈಮ್ ವಾಲಿಬಾಲ್ ಲೀಗ್ 2022ರಲ್ಲಿ ಏಸ್‌ಗೆ ಎರಡು ಪಾಯಿಂಟ್ ಕೊಟ್ಟು ಆ ಗಡಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿತು.

ಕಾಲೇಜು ತಂಡದ ಅಂಕಿಅಂಶದಲ್ಲಿ ಎದ್ದು ಕಾಣುವುದು ಏಸ್ ಎಷ್ಟು, ತಪ್ಪು ಎಷ್ಟು ಅನ್ನುವುದು ಮಾತ್ರ. ಉಳಿದ ಆ 80 ಸರ್ವಿಸ್ ಏನು ಮಾಡಿದವು ಅಂತ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಕೋಚ್‌ಗಳು ಬೇರೆಯೇ ಲೆಕ್ಕ ಇಡುತ್ತಾರೆ. ಎದುರಾಳಿ ಎತ್ತಿದ ಪ್ರತಿ ಬಾಲಿಗೂ 0ಯಿಂದ 3ರವರೆಗೆ ಅಂಕ. ಲಿಫ್ಟರ್ ನಿಂತಲ್ಲಿಗೇ ಬಾಲ್ ಬಂದರೆ 3. ಅವಳು ಓಡಿಹೋಗಿ ಹೇಗೋ ಎತ್ತಿಕೊಟ್ಟರೆ 1. ಕೈತಪ್ಪಿದರೆ 0. ಎದುರಾಳಿಯ ಸರಾಸರಿ ಇಳಿದಷ್ಟೂ ನಮ್ಮ ಸರ್ವಿಸ್ ಒಳ್ಳೆಯದು. ಮುಂದಿನ ಸಲ ಮ್ಯಾಚ್ ನೋಡುವಾಗ ಸರ್ವಿಸ್ ಹೊಡೆದವರನ್ನು ಬಿಟ್ಟು ಆ ಕಡೆಯ ಲಿಫ್ಟರ್ ಎಷ್ಟು ಹೆಜ್ಜೆ ಓಡಿದಳು ಅಂತ ನೋಡಿ.

ಅಮೆರಿಕದ ಕಾಲೇಜು ವಾಲಿಬಾಲ್‌ನಲ್ಲಿ ಪಂದ್ಯದ ದಿನ ಬೆಳಿಗ್ಗೆ ಹೊರಗಿನ ತಂಡಕ್ಕೂ ಕೋರ್ಟಿನಲ್ಲಿ ಸ್ವಲ್ಪ ಹೊತ್ತು ಅಭ್ಯಾಸಕ್ಕೆ ಬಿಡುವ ರೂಢಿ ಇದೆ. ಆ ಹೊತ್ತಿನಲ್ಲಿ ಸ್ಮ್ಯಾಶ್, ಬ್ಲಾಕ್ ಎಲ್ಲ ಬದಿಗೆ. ಮುಖ್ಯವಾಗಿ ಮಾಡುವುದು ಎರಡೇ ಕೆಲಸ, ಸರ್ವಿಸ್ ಹೊಡೆಯುವುದು ಮತ್ತು ಎತ್ತುವುದು. ಖಾಲಿ ಗ್ಯಾಲರಿ, ಯಾರ ಕೂಗೂ ಇಲ್ಲ. ಕಡಲ ತೀರದಿಂದ ಬಂದ ಹುಡುಗಿ ಗೆರೆಯ ಹಿಂದೆ ನಿಂತು ಒಂದು ಬಾಲ್ ಹೊಡೆಯುತ್ತಾಳೆ. ಅದು ಆ ತುದಿಯ ಗೆರೆ ದಾಟಿ ಬೀಳುತ್ತದೆ. ಎಷ್ಟು ದಾಟಿತು ಅಂತ ಕಣ್ಣಲ್ಲೇ ಅಳೆಯುತ್ತಾಳೆ. ಬುಟ್ಟಿಯಿಂದ ಇನ್ನೊಂದು ಬಾಲ್ ಎತ್ತಿಕೊಂಡು ವಾಲ್ವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾಳೆ.